ಯೆಸ್ ಅಂದವರು ಕಮರಿಗೆ ಇಳಿದದ್ದು

ಸೊಂಟಕ್ಕೆ ಹಗ್ಗ. ಮೊಣಕಾಲುದ್ದ ನೀರು. ಎಡಕ್ಕೂ ಬಲಕ್ಕೂ ಕೈ ಚಾಚಿದರೆ ತಗಲುವಷ್ಟು ಹತ್ತಿರ, ನೆಟ್ಟಗೆ ಮೇಲೆದ್ದ ಕಲ್ಲಿನ ಗೋಡೆ. ಮುಂದೆ ಕಪ್ಪಗೆ ಸುಳಿ ತಿರುಗುವ ಮಡು. ಹಿಂದೆ ನಾವು ಈಗಷ್ಟೇ ಹಗ್ಗ ಹಿಡಿದು ಇಳಿದುಬಂದ ಜಲಪಾತ. ಅದನ್ನು ಹತ್ತಿ ವಾಪಸ್ ಹೋಗಬೇಕಾದರೆ ಹಲ್ಲಿಯಾಗಿ ಹುಟ್ಟಿರಬೇಕಿತ್ತು. ಇಂಥ ಜಾಗದಲ್ಲಿ ನಿಂತುಕೊಂಡು, ಮದುವೆಯಾದ ಆರು ವರ್ಷಕ್ಕೆ, ನನ್ನ ಗಂಡನ ಬಗ್ಗೆ ಒಂದು ಹೊಸ ವಿಷಯ ತಿಳಿದುಕೊಂಡೆ.

ಮೊದಲಿನಿಂದ ಹೇಳುತ್ತೇನೆ.

ಈ ಫೆಬ್ರವರಿಯಲ್ಲಿ, ಇಲ್ಲಿ ಅಮೆರಿಕದ ಹೋಬೋಕನ್ನಿನಲ್ಲಿ, ನಮ್ಮ ಅಪಾರ್ಟ್‌ಮೆಂಟನ್ನು ಬೆಚ್ಚಗಿಡುವ ರೇಡಿಯೇಟರ್ ಎರಡು ವಾರ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಹುಳಿ ಕುದಿಸುತ್ತಿದ್ದೆ. ಎಲ್ಲಾದರೂ ಬಿಸಿಲಿರುವ ಕಡೆ ಹೋಗಲೇಬೇಕು ಎಂದು ಹಟ ಹಿಡಿದೆ. ಎಲ್ಲಿಗೆ ಹೋಗುವುದು? ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಯಾವುದೋ ಆಫೀಸಿನ ಮೇಜಿನ ಮೇಲೆ ಮಲಗಿದೆ. ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ. ನಮ್ಮಂಥವರಿಗೆ ಭಯವಿಲ್ಲದೆ ಹೋಗಿಬರಬಹುದಾದ ಬಿಸಿಲಿನ ದ್ವೀಪವೆಂದರೆ ಪೋರ್ಟೊ ರಿಕೊ. ಅದೂ ಅಮೆರಿಕವೇ.

ನಮ್ಮ ಕೆಳಗಿನ ಮನೆಯ ರಮೋನ್ ಅಲ್ಲಿಯವನು. ಅವನ ತಮ್ಮ ಹೆಕ್ಟರ್ ಅಲ್ಲಿಯ ಬೆಟ್ಟಗಳ ನಡುವಿನ ಕಮರಿಯೊಳಗೆ ಜನರನ್ನು ಇಳಿಸಿಕೊಂಡು ಹೋಗುತ್ತಾನಂತೆ. ನೀರು ಹೋದ ದಾರಿಯೇ ದಾರಿ. ರಮೋನ್ ಮೆಟ್ಟಿಲ ಮೇಲೆ ನಿಂತೇ ನಮ್ಮ ಮನೆಯವರನ್ನು ಕೇಳಿದನಂತೆ, "ಇಬ್ಬರಿಗೂ ಈಜು ಬರುತ್ತಲ್ಲ?"

"ಯೆಸ್, ಯೆಸ್. ವೆರಿ ವೆಲ್," ಅಂದರಂತೆ ನಮ್ಮ ಮನೆಯವರು.

ನಾನಾಗ ಲಾಂಡ್ರಿಯಲ್ಲಿದ್ದೆ. ಮನೆಗೆ ಬಂದ ಮೇಲೆ ನನಗೆ ಸಿಕ್ಕ ಸುದ್ದಿ ಇಷ್ಟೇ: "ಮೊಣಕಾಲುದ್ದ ನೀರಂತೆ ಕಣೇ. ಚಪ್ಪಲಿ ಬೇಡ, ಶೂ ಹಾಕ್ಕೋ."

ಈ ಯೆಸ್ ಎಂಥದ್ದು ಅಂತ ಇಲ್ಲಿರುವ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಊರಿಂದ ಬಂದ ಹೊಸಬರಿಗೆ ಏರ್‌ಪೋರ್ಟಿನಿಂದ ಮನೆಗೆ ಬರುವ ಕಾರಿನಲ್ಲೇ ಹಳಬರು ಉಪದೇಶ ಮಾಡುತ್ತಾರೆ. "ನೋಡಪ್ಪಾ, ಇಲ್ಲಿ ಏನು ಕೇಳಿದರೂ ಬರುತ್ತೆ ಅನ್ನು. ಆಮೇಲೆ ಕಲಿತುಕೊಂಡರಾಯಿತು." ಇಂಟರ್‌ವ್ಯೂನಲ್ಲಿ ಕಂಪ್ಯೂಟರಿನ ಫೋರ್ಟ್ರಾನ್ ಭಾಷೆ ಗೊತ್ತಾ ಅಂದರು. ಯೆಸ್. (ಶುಕ್ರವಾರ ಯೆಸ್ ಅಂದವರು ಲೈಬ್ರರಿಯಿಂದ ಪುಸ್ತಕ ತಂದು ಸೋಮವಾರದೊಳಗೆ ಕಲಿತರು.) ಸ್ನೋದಲ್ಲಿ ಡ್ರೈವ್ ಮಾಡ್ತೀರಾ? ಯೆಸ್. (ಯಾರದೋ ಮನೆ ಮುಂದಿನ ಮೇಲ್‌ಬಾಕ್ಸ್ ಕಾರಿನಡಿ ಹೋಯಿತು.) ಯುಗಾದಿಗೆ ನಲವತ್ತು ಜನಕ್ಕೆ ನಿಮ್ಮನೇಲೇ ಅಡುಗೆ ಆಗುತ್ತಾ? ಯೆಸ್. (ಒಬ್ಬಟ್ಟು ತಟ್ಟಿದವರು ಯಾರು ಅಂತ ಬೇರೆ ಹೇಳಬೇಕೆ?)

ಈ ಯೆಸ್‌ನಿಂದಲೇ ನಮಗೆ ಕೆಲಸ ಸಿಕ್ಕಿದ್ದು, ಮನೆ ಸಿಕ್ಕಿದ್ದು. ಒಪ್ಪುತ್ತೇನೆ. ಆದರೆ ಫೋರ್ಟ್ರಾನ್ ಬರದೆ ಯಾರೂ ಮುಳುಗಿ ಸತ್ತಿಲ್ಲ.

ಸರಿ, ಹೋದೆವು. ರಮೋನನ ಹೆಂಡತಿ ಕೊಟ್ಟ ಪ್ಯಾಂಟು ಹಾಕಿಕೊಂಡೆ, ಜೀವನದಲ್ಲಿ ಮೊದಲ ಸಲ. ಚಿತ್ರಾನ್ನ ಕಲಸಿ ಮೂರು ಪ್ಲಾಸ್ಟಿಕ್ ಚೀಲಗಳೊಳಗೆ ಸುತ್ತಿದ್ದೆ. ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ ನೀರಿನ ಸೆಳೆತ ಜೋರಾಗಿತ್ತು. ಕಲ್ಲುಗಳ ನಡುವೆ ಅದು ಎಷ್ಟು ಗದ್ದಲ ಮಾಡುತ್ತಿತ್ತೆಂದರೆ ಪಕ್ಕದಲ್ಲಿದ್ದವರಿಗೂ ಕೂಗಿ ಹೇಳಬೇಕಿತ್ತು. ಆದರೂ ಜಲಪಾತ ಇಳಿಯುವವರೆಗೆ ನಾನು ಖುಷಿಯಾಗಿಯೇ ಇದ್ದೆ. ಬಿಸಿಲಿತ್ತಲ್ಲ.

ಇಳಿದ ಮೇಲೆ ಆ ಮಡು. ಹೆಕ್ಟರ್ ತಿರುಗಿ, "ಯಾರು ಮೊದಲು ಈಜ್ತೀರಿ?" ಅಂದ. (ಎರಡು ವರ್ಷ ಹೋಬೋಕನ್ನಿನಲ್ಲಿ ಇದ್ದು ಹೋದವನು, ಇಂಗ್ಲಿಷ್ ಚೆನ್ನಾಗಿದೆ.)

"ನನಗೆ ಈಜು ಬರುವುದಿಲ್ಲ," ಅಂದೆ.

ಅವನು ನನ್ನನ್ನು ನೋಡಿದ. ನಮ್ಮ ಮನೆಯವರನ್ನು ನೋಡಿದ. "ಇಬ್ಬರಿಗೂ ಚೆನ್ನಾಗಿ ಬರುತ್ತೆ ಅಂದಿರಂತೆ? ಬರದವರಿಗೆ ಅಂತಲೇ ಲಾರಿಯ ಗಾಳಿ ಟ್ಯೂಬ್ ಇಟ್ಟುಕೊಂಡಿದ್ದೀನಿ. ನಿಮಗೆ ಬೇಡ ಅಂತ ಮೇಲೆ ಗಾಡಿಯಲ್ಲೇ ಬಿಟ್ಟುಬಂದೆ."

ಆಗಲೂ ನನಗೆ ಅಷ್ಟೇನೂ ಭಯವಾಗಲಿಲ್ಲ. ಯಾಕೆಂದರೆ ನನ್ನ ಗಂಡ ಕಾವೇರಿ ದಾಟಿದ ಶೂರ. ನನ್ನನ್ನು ನೋಡಲು ಬಂದ ದಿನ ಕಾಫಿ ಕುಡಿಯುತ್ತ ನಮ್ಮಪ್ಪ "ಈಜು ಗೀಜು ಬರುತ್ತೇನಪ್ಪಾ?" ಎಂದಾಗ, "ಶ್ರೀರಂಗಪಟ್ಟಣದಲ್ಲಿ ಕಾವೇರಿ ಈಜಿ ದಾಟಿದ್ದೀನಿ ಸಾರ್," ಅಂದಿದ್ದರು. ಅಪ್ಪ ಅದನ್ನು ಮೈಸೂರಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಓಡಾಡಿದ್ದರು. ಸುಳ್ಳೇಕೆ, ನಾನೂ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

"ರೀ, ನೀವೇ ನನ್ನ ಹಿಡಕೊಂಡು ಆಚೆ ದಾಟಿಸಿಬಿಡಿ," ಅಂದೆ.

ನಮ್ಮ ಮನೆಯವರು ನೀರನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಕಿವಿಯ ಹತ್ತಿರ ಬಂದು, "ನಂಗೂ ಬರಲ್ಲ ಕಣೇ," ಅಂದರು.

"ಮತ್ತೆ ಕಾವೇರಿ?"

"ಹರಿಗೋಲಲ್ಲಿ ಕೂತು ದಾಟಿದ್ದೆ."

ಭಯ ಆಗ ಬಂತು. ಅಮ್ಮ ನೆನಪಾದಳು. ಅದರ ಹಿಂದೆಯೇ ಸಿಟ್ಟೂ ಬಂತು. ಫಾರಿನ್ನಿಗೆ ಬಂದು ಸಾಯುವುದು ಹಾಗಿರಲಿ, ಹರಿಗೋಲಿನಲ್ಲಿ ಕೂತವರನ್ನು ನಂಬಿ ಸಾಯುವುದೇ?

ಪುಣ್ಯಾತ್ಮ ಹೆಕ್ಟರ್ ಒಂದು ಮಾತೂ ಬೈಯಲಿಲ್ಲ. ಈಜಿ ಆಚೆ ಹೋಗಿ ಬಂಡೆಗೆ ಹಗ್ಗ ಬಿಗಿದು ಬಂದ. ನನ್ನನ್ನು ಅದಕ್ಕೆ ಕಟ್ಟಿ, ನೀರಿನ ಮೇಲೆ ಅಂಗಾತ ಮಲಗಿಸಿ, "ಆಕಾಶ ನೋಡ್ತಾ ಇರಿ," ಅಂದು ಎಳೆದುಕೊಂಡು ಹೋದ. ಆಕಾಶ ಲಂಗದ ಅಂಚಿನಷ್ಟು ಅಗಲವಿತ್ತು. ಮೂಗಿಗೆ, ಕಿವಿಗೆ ನೀರು ನುಗ್ಗಿತು. ಎರಡು ಸಲ ಸೆಳೆತ ನನ್ನನ್ನು ಗೋಡೆಗೆ ಒಗೆಯಿತು. ಮೊಣಕೈ ತರಚಿದ ಗಾಯ ಈಗಲೂ ಇದೆ, ಬೇಕಾದವರು ಬಂದು ನೋಡಬಹುದು. ಆಮೇಲೆ ಯಜಮಾನರ ಸವಾರಿಯೂ ಹಾಗೇ ಬಂತು. ಕನ್ನಡಕ ನೀರುಪಾಲು.

ಬಂಡೆಯ ಮೇಲೆ ಕೂತು ಒದ್ದೆ ಚಿತ್ರಾನ್ನ ತಿಂದೆವು. ಹೆಕ್ಟರ್ ಇವರನ್ನು ಕೇಳಿದ, "ಬರಲ್ಲ ಅಂದಿದ್ದರೆ ಏನಾಗ್ತಿತ್ತು?" ಇವರು ಚಿತ್ರಾನ್ನದ ಕಡಲೆಬೀಜ ಹೆಕ್ಕತೊಡಗಿದರು. ಬರಲ್ಲ ಅಂತ ಹೇಳುವುದನ್ನು ಇವರಿಗೆ ಯಾರೂ ಕಲಿಸಿಲ್ಲ.

"ಇನ್ನೂ ಎಲ್ಲೆಲ್ಲಿ ಹೀಗೆ ಯೆಸ್ ಅಂದಿದ್ದೀರಿ?" ಅಂತ ನಾನೂ ಕೇಳಿದೆ.

"ಇನ್ನೆಲ್ಲೂ ಇಲ್ಲ ಕಣೇ. ಇದೊಂದೇ," ಅಂದರು ನಡುಗುತ್ತ. ಪಾಪ ಅನಿಸಿತು. ನನ್ನ ಟವೆಲ್ ಕೊಟ್ಟೆ.

ವಾಪಸ್ ಬಂದು ಹತ್ತು ದಿನವಾಯಿತು. ರೇಡಿಯೇಟರ್ ರಿಪೇರಿಯಾಗಿದೆ. ಹೊಸ ಕನ್ನಡಕವೂ ಬಂದಿದೆ. ಆದರೆ ಹುಳಿ ಕುದಿಸುವಾಗಲೆಲ್ಲ ನನಗೆ ಒಂದೇ ಯೋಚನೆ. ಆ ಕಾಫಿಯ ದಿನ ಅಪ್ಪ ಎರಡನೆಯ ಪ್ರಶ್ನೆಯನ್ನೂ ಕೇಳಿದ್ದರು: "ಹುಡುಗಿ ಒಪ್ಪಿಗೆಯೇನಪ್ಪಾ?" ಅದಕ್ಕೂ ಇವರು ಲೋಟ ಕೆಳಗಿಡುವ ಮುಂಚೆಯೇ ಯೆಸ್ ಅಂದಿದ್ದರು.

ಅದನ್ನು ಮನಸ್ಸಿಗೆ ಬಂದೇ ಅಂದಿದ್ದರೋ, ಇಲ್ಲಾ ಆಮೇಲೆ ಕಲಿತುಕೊಂಡರಾಯಿತು ಅಂತಲೋ?