ಹಳ್ಳದ ಮೇಲೆ ಪರಿಸರ ವಿಜ್ಞಾನ

ಸುಣ್ಣದ ಪುಡಿ ಹಾಕಿಸಿ ಕಟ್ಟಡದ ಮಾರ್ಕಿಂಗ್ ಮಾಡಿಸುತ್ತಾ ನಿಂತಿದ್ದೆ. ಹಿಂದಿನಿಂದ ಒಬ್ಬ ತಾತ ಬಂದು, "ಏನಮ್ಮ, ಹಳ್ಳದ ಮ್ಯಾಲೆ ಕಟ್ತಾ ಇದ್ದೀರಲ್ಲ?" ಎಂದರು.

"ಯಾವ ಹಳ್ಳ?" ಎಂದೆ. ತುಂಬಾ ಧಿಮಾಕಿನಿಂದ.

ಶಿರಾದಿಂದ ಮದಲೂರಿಗೆ ಹೋಗುವ ದಾರಿಯಲ್ಲಿ ಒಂದು ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್. ಅಲ್ಲಿ ಪರಿಸರ ವಿಜ್ಞಾನ ವಿಭಾಗಕ್ಕೆ ಕ್ಲಾಸ್‌ರೂಮು, ಲ್ಯಾಬು ಎಲ್ಲ ಸೇರಿದ ಕಟ್ಟಡ. ಅದರ ಆರ್ಕಿಟೆಕ್ಟ್ ನಾನು. ಊರು ಮಿಡಿಗೇಶಿ, ಕೆಲಸ ತುಮಕೂರಿನ ಒಂದು ಆಫೀಸಿನಲ್ಲಿ.

ಕಟ್ಟಡ ಸಮಿತಿಯವರಿಗೆ ಮುಂಭಾಗ ಪೂರ್ತಿ ಗಾಜು ಬೇಕಿತ್ತು. ನಮ್ಮ ಕಡೆಯ ಬಿಸಿಲಿಗೆ ಗಾಜಿನೊಳಗೆ ಕೂತರೆ ಮಕ್ಕಳು ಹಪ್ಪಳವಾಗುತ್ತಾರೆ ಎಂದು ಜಗಳ ಆಡಿದೆ. ದಪ್ಪ ಕಲ್ಲಿನ ಗೋಡೆ, ಉದ್ದನೆಯ ಜಗಲಿ, ಪಶ್ಚಿಮಕ್ಕೆ ಸಣ್ಣ ಕಿಟಕಿ... ಎಲ್ಲ ಒಪ್ಪಿಸಿದೆ.

ಗೆದ್ದ ಮೇಲೆ ತಲೆ ಸ್ವಲ್ಪ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ.

ತಾತನ ಹೆಸರು ಈರಣ್ಣ. ಪಕ್ಕದ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಅವರ ಮನೆತನದ್ದು.

ನನ್ನನ್ನು ಕರೆದುಕೊಂಡು ಹೋಗಿ ಒಂದು ಸಾಲು ಲಕ್ಕಿ ಗಿಡ ತೋರಿಸಿದರು.

"ಲಕ್ಕಿ ಗಿಡ ಸುಮ್‌ಸುಮ್ಕೆ ಇಂಗೆ ಸಾಲಾಗಿ ಬೆಳೀತದಾ? ಕೆಳಗೆ ನೀರಿನ ದಾರಿ ಐತೆ ಕಣಮ್ಮ. ಮಳೆ ಹುಯ್ದ್ರೆ ನಮ್ ಕೆರೆಗೆ ಇಲ್ಲಿಂದ್ಲೇ ನೀರು ಬರಾದು. ಅಂದಂಗೆ, ಏನು ಕಟ್ತಾ ಇದ್ದೀರಿ?"

ನೀರು, ಮಣ್ಣು, ಗಿಡದ ಬಗ್ಗೆ ಓದುವವರಿಗೆ ಕಾಲೇಜು ಎಂದೆ. ತಾತ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನನ್ನ ಡ್ರಾಯಿಂಗಿನಲ್ಲಿ ಆ ಸಾಲಿಗೆ ಏನೆಂದು ಬರೆದಿದ್ದೆ ಗೊತ್ತಾ? "ಪೊದೆ, ತೆರವುಗೊಳಿಸುವುದು."

ಅಕ್ಕನ ಬಾಣಂತನದಲ್ಲಿ ಸ್ನಾನದ ನೀರಿಗೆ ಹಾಕಲು ಲಕ್ಕಿ ಸೊಪ್ಪು ತರುತ್ತಿದ್ದವಳು ನಾನೇ. ತರುತ್ತಿದ್ದದ್ದು ನಮ್ಮೂರ ಹಳ್ಳದ ದಂಡೆಯಿಂದಲೇ. ಕಂಪ್ಯೂಟರಿನ ಮುಂದೆ ಕೂತಾಗ ಅದೊಂದೂ ನೆನಪಾಗಲಿಲ್ಲ. ನಾಚಿಕೆಯಾಯಿತು.

ಮಾರನೆಯ ದಿನ ತಾಲ್ಲೂಕು ಆಫೀಸಿಗೆ ಹೋಗಿ ಹಳೆಯ ಗ್ರಾಮ ನಕ್ಷೆ ತೆಗೆಸಿದೆ. ಹಳ್ಳ ಇತ್ತು. ನಾನು ಬರೆದ ಲ್ಯಾಬಿನ ನಟ್ಟನಡುವೆ ಹಾದು ಹೋಗುತ್ತಿತ್ತು.

ಬಾಸ್‌ಗೆ ತೋರಿಸಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಮೆಲ್ಲಗೆ ಹೇಳಿದರು: "ಪ್ಲಾನ್ ಅಪ್ರೂವ್ ಆಗಿದೆ, ಗುದ್ದಲಿ ಪೂಜೆಗೆ ಡೇಟ್ ಫಿಕ್ಸ್ ಆಗಿದೆ. ಈಗ ತಪ್ಪಾಗಿದೆ ಅಂತ ಹೇಳಿದ್ರೆ ಆಫೀಸಿನ ಮರ್ಯಾದೆ ಏನಾಗಬೇಕಮ್ಮ?"

ತಪ್ಪು ಮಾಡಿದಾಗ ಹೋಗದ ಮರ್ಯಾದೆ, ತಪ್ಪು ಎಂದು ಹೇಳಿದರೆ ಹೋಗುತ್ತದಂತೆ!

ಸಮಿತಿಯ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟೋ ವರ್ಷದಿಂದ ಅಲ್ಲಿ ನೀರೇ ಹರಿದಿಲ್ಲ ಮೇಡಂ. ಅಷ್ಟು ಭಯ ಇದ್ದರೆ ಕೆಳಗೊಂದು ಪೈಪ್ ಹಾಕಿ ಮುಚ್ಚಿ. ನೀವು ಈ ಕಡೆಯವರೇ ಅಲ್ವಾ? ನಿಮ್ಮ ಸೀಮೆಗೆ ಕಟ್ಟಡ ಬರುತ್ತೆ ಅಂದ್ರೆ ನೀವೇ ಅಡ್ಡಗಾಲು ಹಾಕ್ತೀರಲ್ಲ?"

ಈ ಕಡೆಯವಳಾದ್ದರಿಂದಲೇ ಹಾಕುತ್ತೇನೆ ಸರ್ ಎಂದೆ.

ಆ ವಾರ ಕೂತು ಹೊಸ ಪ್ಲಾನ್ ಬರೆದೆ. ಕಟ್ಟಡವನ್ನು ಎರಡು ಮಾಡಿದೆ. ಒಂದು ದಡದಲ್ಲಿ ಕ್ಲಾಸ್‌ರೂಮು, ಇನ್ನೊಂದು ದಡದಲ್ಲಿ ಲ್ಯಾಬು, ಮಧ್ಯೆ ಹಳ್ಳ ಹೇಗಿದೆಯೋ ಹಾಗೇ, ಮೇಲೊಂದು ಸೇತುವೆ.

ಲ್ಯಾಬಿಗೆ ಹೋಗುವ ಪ್ರತಿಯೊಬ್ಬರೂ ಹಳ್ಳ ದಾಟಿಯೇ ಹೋಗಬೇಕು. ನೀರು ಇದೆಯೋ ಇಲ್ಲವೋ ನೋಡಿಕೊಂಡೇ ಹೋಗಬೇಕು. ಪರಿಸರ ವಿಜ್ಞಾನ ಕಲಿಸಲು ಇದಕ್ಕಿಂತ ಒಳ್ಳೆಯ ಬೋರ್ಡು ನನಗಂತೂ ಹೊಳೆಯಲಿಲ್ಲ.

ಬಾಸ್ ಅದನ್ನು ಮುಂದಕ್ಕೆ ಕಳಿಸಲಿಲ್ಲ. ಹಳೆಯ ಪ್ಲಾನನ್ನೇ, ಕಂಟ್ರಾಕ್ಟರಿಗೆ ಕೊಡುವ ಪ್ರತಿಯನ್ನು, ಮುಂದಿಟ್ಟು, "ಸೈನ್ ಮಾಡು" ಎಂದರು.

ಮಾಡಲಿಲ್ಲ.

ಗ್ರಾಮ ನಕ್ಷೆ, ಹೊಸ ಪ್ಲಾನ್, ಜೊತೆಗೆ "ಈ ತಪ್ಪು ನನ್ನದು" ಎಂದು ಒಂದು ಪತ್ರ, ಮೂರನ್ನೂ ಒಯ್ದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೊಟ್ಟೆ. ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಗೆ ಬಂದೆ. ನಮ್ಮಲ್ಲಿ ಬಾಯಿಮಾತು ಗಾಳಿಗೆ ಹೋಗುತ್ತದೆ, ಸೀಲು ಬಿದ್ದ ಕಾಗದಕ್ಕೆ ಎಲ್ಲರೂ ಹೆದರುತ್ತಾರೆ.

ಹೆದರಿದರು. ಪೂಜೆ ಮುಂದಕ್ಕೆ ಹೋಯಿತು. ಒಂದು ತಿಂಗಳ ನಂತರ ಹೊಸ ಪ್ಲಾನ್ ಒಪ್ಪಿಗೆಯಾಯಿತು.

ನನಗೆ ಮಾತ್ರ ಬಾಸ್ ಸೋಮವಾರದಿಂದ ಬರಬೇಡ ಎಂದರು.

ಮನೆಗೆ ಬಂದು ಅತ್ತುಬಿಟ್ಟೆ, ಹೌದು. ಎಂಟು ವರ್ಷ ದುಡಿದ ಜಾಗ. ಅಮ್ಮ ಮುದ್ದೆ ಬಡಿಸುತ್ತಾ, "ಅಳಾದಿದ್ರೆ ಅತ್‌ಬುಡು, ಬಗ್ಗಾಕೆ ಮಾತ್ರ ಓಗ್ಬ್ಯಾಡ" ಎಂದಳು.

ಮೊನ್ನೆ ಸೈಟಿಗೆ ಹೋಗಿದ್ದೆ. ಹಳ್ಳದ ಎರಡೂ ಕಡೆ ಹೊಸ ಸುಣ್ಣದ ಗೆರೆ, ನಡುವೆ ಲಕ್ಕಿ ಗಿಡಗಳು. ನೀರು ಇನ್ನೂ ಬಂದಿಲ್ಲ. ಬರದೇ ಇದ್ದರೂ ಅದರ ದಾರಿ ಅದರದ್ದೇ.

ಅಲ್ಲೇ ನಿಂತಿರುವಾಗ ಬಾಸ್‌ನಿಂದ ಮೆಸೇಜು. ಸಮಿತಿಗೆ ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತಾರಂತೆ.

ಮೊಬೈಲ್ ಜೇಬಿಗೆ ಹಾಕಿಕೊಂಡು ಸೀದಾ ಈರಣ್ಣ ತಾತನ ಮನೆಗೆ ನಡೆದೆ. "ತಪ್ಪಾಯ್ತು ತಾತ, ನಿಮ್ಮ ಹಳ್ಳ ಅಳಿಸಿಬಿಟ್ಟಿದ್ದೆ" ಎಂದೆ. ತಾತ, "ಅಯ್ಯೋ ಬುಡಮ್ಮ, ಕಾಫಿ ಕುಡಿ" ಎಂದರು.

ಕ್ಷಮೆ ಕೇಳಬೇಕಾದ ಕಡೆ ಕೇಳಿ ಬಂದೆ. ಇನ್ನು ಆ ಸಮಿತಿಗೆ ಯಾವುದಕ್ಕೆ ಕೇಳಬೇಕು, ನೀವೇ ಹೇಳಿ?