ಹಾವೇರಿಯಿಂದ ತರಿಸಿದ ಕೆಂಪು ಕುರ್ತಾ

ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಹಳ ವರ್ಷಗಳಿಂದ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯೊಬ್ಬಳು ಮದುವೆಯಾಗಿ ಹಾವೇರಿಗೆ ಹೋದಳು. ಅಲ್ಲಿ ಹೊಲಿಗೆ ಬಿಟ್ಟು, ರೆಡಿಮೇಡ್ ಕುರ್ತಾ ತರಿಸಿ, ಫೋನಿನಲ್ಲಿ ತೋರಿಸಿ ಮಾರತೊಡಗಿದಳು. ಗಿರಾಕಿಗಳ ಮುಂದೆ ಬಾಯಿ ಬಿಡಲೂ ಹೆದರುತ್ತಿದ್ದವಳು ಈಗ ವಿಡಿಯೋದಲ್ಲಿ ನಗುತ್ತಾ, ಪಟಪಟನೆ ಮಾತಾಡುತ್ತಿದ್ದಳು. ನನ್ನ ಖಾಯಂ ಗಿರಾಕಿಗಳೇ ಅವಳ ಕುರ್ತಾ ತೊಟ್ಟು ನನ್ನ ಬಾಗಿಲ ಮುಂದೆ ಓಡಾಡುವಾಗ ಹೊಟ್ಟೆ ಉರಿಯುತ್ತಿತ್ತು. ಆದರೂ ಅವಳ ಒಂದು ವಿಡಿಯೋವನ್ನೂ ನಾನು ಬಿಡುತ್ತಿರಲಿಲ್ಲ.

ಒಮ್ಮೆ ಕಡುಗೆಂಪು ಕುರ್ತಾ ತೋರಿಸಿದಳು. ಕೊರಳ ಸುತ್ತ ದಟ್ಟವಾದ ಎಂಬ್ರಾಯ್ಡರಿ. ಬೇಕೇ ಬೇಕು ಎನಿಸಿತು. ಅವಳಿಗೆ ಗೊತ್ತಾಗಬಾರದೆಂದು ಬ್ಯಾಡಗಿಯಲ್ಲಿರುವ ತಂಗಿಯ ಹೆಸರಿನಲ್ಲಿ ತರಿಸಿದೆ.

ಪಾರ್ಸೆಲ್ ಬಂದ ಕೆಲವು ದಿನಕ್ಕೆ ಬಿಡುವು ಮಾಡಿಕೊಂಡು ಬ್ಯಾಡಗಿಗೆ ಹೋದೆ. ಬಂದದ್ದು ಇಟ್ಟಂಗಿ ಬಣ್ಣದ ತೆಳು ಬಟ್ಟೆ. ಎಂಬ್ರಾಯ್ಡರಿ ಇರಲಿಲ್ಲ, ಹಾಗೆ ಕಾಣುವ ಪ್ರಿಂಟು ಇತ್ತು. ತಂಗಿ ಅದನ್ನು ಬೆಳಕಿಗೆ ಹಿಡಿದು, "ಅಕ್ಕಾ, ಇದರಾಗ ನಿನ್ನ ಮಾರಿ ಕಾಣಾಕತ್ತೈತಿ" ಎಂದು ನಕ್ಕಳು. ಮೊದಲು ಬೇಸರವಾಯಿತು. ಆ ಕೆಂಪಿನಲ್ಲಿ ನಾನು ಹೇಗೆ ಕಾಣಬಹುದೆಂದು ವಾರವೆಲ್ಲ ಯೋಚಿಸಿದ್ದೆ. ಆಮೇಲೆ, ಹೇಳಲು ನಾಚಿಕೆ, ಖುಷಿಯಾಯಿತು. ಸಿಕ್ಕಿಬಿದ್ದಳು!

ಮರುದಿನವೇ ಕುರ್ತಾವನ್ನು ಚೀಲದಲ್ಲಿಟ್ಟುಕೊಂಡು ಹಾವೇರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಅವಳು ಬಾಗಿಲು ತೆಗೆದಾಗ ನೋಡಿದರೆ ಪಡಸಾಲೆಯ ತುಂಬ ಅಂಥವೇ ಕುರ್ತಾಗಳು. ಎಲ್ಲವೂ ಗಿರಾಕಿಗಳಿಂದ ವಾಪಸ್ ಬಂದಿದ್ದವು. ಅವಳ ಕಣ್ಣು ಊದಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ಹೋಲ್‌ಸೇಲಿನವರು ತೋರಿಸಾಕ ಒಂದು ಛಲೋದು ಕಳಿಸಿದ್ರು, ಆಮ್ಯಾಲ ಬಂದ ಮಾಲೆಲ್ಲಾ ಹಿಂಗ ಐತ್ರಿ. ನಾನೂ ಬಿಚ್ಚಿ ನೋಡಲಿಲ್ಲ, ಎಲ್ಲಾರಿಗೂ ಕಳಿಸಿಬಿಟ್ಟೆ. ಇದಕ್ಕೇನರ ಮಾಡಾಕ ಬರತೈತೇನ್ರಿ?"

ಬರುತ್ತಿತ್ತು. ಒಳಗೆ ಅಸ್ತರ ಕೊಟ್ಟು, ಪ್ರಿಂಟಿನ ಗೆರೆಗಳ ಮೇಲೆಯೇ ದಾರ ಎಳೆದರೆ ಸಾಕೆಂದು ಬ್ಯಾಡಗಿಯಲ್ಲೇ ನನಗೆ ಹೊಳೆದಿತ್ತು. ಆದರೆ ಮೂಲೆಯಲ್ಲಿದ್ದ ಅವಳ ವಿಡಿಯೋ ದೀಪ, ನಿಲುವುಗನ್ನಡಿ ಕಣ್ಣಿಗೆ ಬಿದ್ದವು. "ಇಂಥಾ ಅರಿವಿಗೆ ಸೂಜಿ ಹಚ್ಚಿದ್ರ ಹರೀತೈತಿ. ಬಿಟ್ಟುಬಿಡು" ಎಂದೆ. ನನ್ನ ಚೀಲ ಬಿಚ್ಚಲೇ ಇಲ್ಲ. ಚಹಾ ಕುಡಿದು ಬಂದೆ.

ಹದಿನೈದು ದಿನ ಅವಳ ವಿಡಿಯೋ ಬರಲಿಲ್ಲ. ಆಮೇಲೆ ಬಾಗಿಲ ಬಿಸಿಲಿನಲ್ಲಿ ನಿಂತು ಅದೇ ಕುರ್ತಾ ತೋರಿಸಿದಳು. "ಬಣ್ಣ ಇಟ್ಟಂಗೀದು ಐತ್ರಿ, ಕೆಂಪಲ್ಲ. ಅರಿವಿ ತೆಳು ಇತ್ತು, ಅಸ್ತರ ಕೊಟ್ಟೇನಿ. ಎಂಬ್ರಾಯ್ಡರಿ ನಾನ ಕೈಲೆ ಹಾಕೇನಿ." ಎರಡೇ ದಿನದಲ್ಲಿ ಅಷ್ಟೂ ಮಾರಿಹೋದವೆಂದು ತಂಗಿ ಹೇಳಿದಳು.

ಹೊಲಿಗೆ ಯಾರಿಂದ ಕಲಿತೆ ಎಂದು ಅವಳು ಹೇಳಲಿಲ್ಲ. ಅದು ಚುಚ್ಚಿತು. ನನ್ನ ಹೆಸರು ಹೇಳುವಂಥ ಯೋಗ್ಯತೆಯನ್ನು ನಾನು ಉಳಿಸಿಕೊಂಡಿರಲಿಲ್ಲ ಎಂಬುದೂ ಗೊತ್ತಿತ್ತು. ತಪ್ಪು ಹುಡುಕಲೆಂದು ಆ ವಿಡಿಯೋವನ್ನು ಎಷ್ಟೋ ಸಲ ನಿಲ್ಲಿಸಿ ನೋಡಿದೆ. ಹೊಲಿಗೆ ಎಲ್ಲೂ ಓರೆಯಾಗಿರಲಿಲ್ಲ.