ಬ್ಯಾಡಗಿಯವರು ಕೆಮ್ಮುವುದಿಲ್ಲ

ಬ್ಯಾಡಗಿಯ ಪೇಟೆಗೆ ಹೊರಗಿನವರು ಬಂದರೆ ಮೊದಲು ಸೀನುತ್ತಾರೆ, ಆಮೇಲೆ ಕೆಮ್ಮುತ್ತಾರೆ, ಕಣ್ಣೊರೆಸಿಕೊಂಡು ಮೆಣಸಿನಕಾಯಿಯ ದರ ಕೇಳುತ್ತಾರೆ. ಊರಿನವರು ಅದನ್ನು ನೋಡಿ ನಗುತ್ತಾರೆ. ಜೈತೂನಬಿಯೂ ಹಾಗೆ ನಕ್ಕವರೇ. ಲಗ್ನವಾಗಿ ಆ ಊರಿಗೆ ಬಂದ ವರ್ಷದಿಂದ ಅವರು ದಲಾಲರ ಅಂಗಡಿಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಗ ಖಲಂದರನನ್ನೂ ಮಗಳು ಶಾಹೀನ್‌ಳನ್ನೂ ಬೆಳೆಸಿದ್ದು ಆ ಕೆಲಸವೇ. ಹಗಲೆಲ್ಲ ಕೆಂಪು ರಾಶಿಯ ಮುಂದೆ, ಸಂಜೆ ಸೌದೆ ಒಲೆಯ ಮುಂದೆ.

ಕೆಮ್ಮು ಶುರುವಾದಾಗ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಬ್ಯಾಡಗಿಯವಳಾಗಿ ಮೆಣಸಿನಕಾಯಿಗೆ ಕೆಮ್ಮುವುದೆಂದರೆ ಅಗಸರವಳು ನೀರಿಗೆ ಹೆದರಿದಂತೆ. ಮೆಟ್ಟಿಲು ಹತ್ತಲು ಆಗದೆ ಅರ್ಧದಲ್ಲಿ ಕುಳಿತುಬಿಟ್ಟ ದಿನ ಖಲಂದರ ಅವರನ್ನು ಹಾವೇರಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದ.

“ಧೂಳು, ಹೊಗಿ ಕುಡದು ಕುಡದು ಪುಪ್ಪಸ ಸೋತಾವ. ಪೂರಾ ಮೊದಲಿನಂಗ ಆಗೂದಿಲ್ಲ, ಆದ್ರ ಹತೋಟಿಯೊಳಗ ಇಡಬಹುದು,” ಎಂದು ಅಲ್ಲಿಯ ಡಾಕ್ಟರು ಹೇಳಿದರು. ದಿನಾ ಎಳೆದುಕೊಳ್ಳಲು ಒಂದು ಪಂಪು, ಉಸಿರು ಕಟ್ಟಿದಾಗ ಎಳೆದುಕೊಳ್ಳಲು ಇನ್ನೊಂದು. ಎರಡನೆಯದು ಎಲ್ಲಿ ಹೋದರೂ ಮೈಮೇಲೇ ಇರಬೇಕು, ಸಾಮಾನಿನ ಚೀಲದಲ್ಲಿ ಅಲ್ಲ ಎಂದು ಒತ್ತಿ ಹೇಳಿದರು. ಜೈತೂನಬಿ ಅದನ್ನು ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು. ನೋಡಿದವರು ಅಡಿಕೆ ಎಂದುಕೊಳ್ಳಲಿ.

ಮುಚ್ಚಿಡಲು ಕಾರಣವಿತ್ತು. ಆಗ ಶಾಹೀನ್‌ಗೆ ರಾಣೆಬೆನ್ನೂರಿನಿಂದ ಗಂಡು ಬಂದಿತ್ತು. ತಾಯಿಗೆ ದಮ್ಮು ಇದೆ ಎಂದು ತಿಳಿದರೆ, ನಾಳೆ ಮಗಳಿಗೂ ಬರುತ್ತದೆ ಎಂದು ಬೀಗರು ಹಿಂದೆ ಸರಿಯುತ್ತಿದ್ದರು. ಲಗ್ನವಾಯಿತು. ಶಾಹೀನ್ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನ ಹಕ್ಕು. ಆದರೆ ಹೆರಿಗೆಯ ತಿಂಗಳು ಮೆಣಸಿನಕಾಯಿಯ ಸುಗ್ಗಿಯಲ್ಲಿ ಬಂತು, ತಾಯಿಗೋ ಒಂದು ಕೊಡ ನೀರು ಎತ್ತಲೂ ಆಗದು. ಮನೆಯ ಹಂಚು ಇಳಿಸಿದ್ದೇವೆ ಎಂದು ಖಲಂದರ ಬೀಗರಿಗೆ ಸುಳ್ಳು ಹೇಳಿದ. ಹೆರಿಗೆ ರಾಣೆಬೆನ್ನೂರಿನಲ್ಲೇ ಆಯಿತು. ಹೆಣ್ಣು ಕೂಸು. ತಿಂಗಳು ಕಳೆದರೂ ಅಜ್ಜಿ ಅದನ್ನು ಮುಟ್ಟಿರಲಿಲ್ಲ.

“ದಿನಾ ವಿಡಿಯೋದಾಗ ನೋಡಾಕತ್ತೀಯಲ್ಲಮ್ಮಾ,” ಎಂದ ಖಲಂದರ.

“ವಿಡಿಯೋದಾಗ ಕೂಸಿನ ವಾಸನಿ ಬರ್ತೈತೇನಲೇ?”

ಅವನು ಡಾಕ್ಟರಿಗೆ ಫೋನು ಹಚ್ಚಿದ. ಉಸಿರು ಹತೋಟಿಯಲ್ಲಿದ್ದರೆ ಹೋಗಬಹುದು, ಗದ್ದಲವಿಲ್ಲದ ಹೊತ್ತು ನೋಡಿ, ಅವಸರ ಮಾಡಬೇಡಿ ಎಂದರು. ಪೇಟೆ ಇಲ್ಲದ ದಿನ ಆರಿಸಿದರು. ಬಸ್ಸಿನ ನೂಕಾಟ ಬೇಡವೆಂದು ಮುಂಜಾನೆಯ ಪ್ಯಾಸೆಂಜರ್ ರೈಲು. ಖಲಂದರ ತನ್ನ ಸಾಮಾನು ಸಾಗಿಸುವ ಆಟೋದಲ್ಲಿ ತಾಯಿಯನ್ನು ಕೂರಿಸಿಕೊಂಡು, ಮಾರುಕಟ್ಟೆಯ ರಸ್ತೆ ಬಿಟ್ಟು ಸುತ್ತು ಹೊಡೆದು ಸ್ಟೇಷನ್ನಿಗೆ ಹೋದ. ಜೈತೂನಬಿ ಮೂಗು ಬಾಯಿಗೆ ಒದ್ದೆ ವಸ್ತ್ರ ಕಟ್ಟಿಕೊಂಡಿದ್ದರು. ಕಾಲ ಬಳಿ ಒಂದು ಗಂಟು.

“ಅದರಾಗ ಏನೈತಿ?”

“ಮೆಣಸಿನಕಾಯಿ. ಎರಡು ಪ್ಲಾಸ್ಟಿಕ್‌ನ್ಯಾಗ ಬಿಗಿದು ಕಟ್ಟೇನಿ, ಘಾಟು ಬರೂದಿಲ್ಲ.”

“ದಮ್ಮಿನ ಪೇಶೆಂಟು ಮೆಣಸಿನಕಾಯಿ ಹೊತ್ಕೊಂಡು ಹೊಂಟಾಳ. ಡಾಕ್ಟರ್ ಕೇಳಿದ್ರ ನನ್ನ ಬೈತಾರ.”

“ಬ್ಯಾಡಗಿಯಿಂದ ಬೀಗರ ಮನಿಗೆ ಬರಿಗೈಲೆ ಹೋಗಲೇನು?”

ಪಂಪಿಗೆ ಸಿಕ್ಕಿಸಿ ಎಳೆದುಕೊಳ್ಳುವ ಪ್ಲಾಸ್ಟಿಕ್ ಡಬ್ಬಿಯನ್ನು ಅವರು ಮನೆಯಲ್ಲೇ ಬಿಟ್ಟಿದ್ದರು, ಸಂಚಿಯಲ್ಲಿ ಹಿಡಿಸುವುದಿಲ್ಲವೆಂದು. ಖಲಂದರ ಅದನ್ನು ತಂದಿದ್ದ. ಬೇಡ ಬೇಡ ಎಂದರೂ ಬಟ್ಟೆಯ ಚೀಲದೊಳಗೆ ತುರುಕಿ, ತಾಯಿಯೊಬ್ಬರನ್ನೇ ರೈಲು ಹತ್ತಿಸಿದ.

ಪ್ರಯಾಣ ಸುಖವಾಗಿಯೇ ಸಾಗಿತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಾಣೆಬೆನ್ನೂರಿನಲ್ಲಿ ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿದರು. ಪ್ಲಾಟ್‌ಫಾರಂ ದಾಟುವಾಗ ಕಲ್ಲುಬೆಂಚು ಕಂಡಲ್ಲೆಲ್ಲ ಕೂತು, ತುಟಿ ಮುಂದೆ ಮಾಡಿ ಬಿಸಿ ಚಹಾ ಆರಿಸುವಂತೆ ಉಸಿರು ಬಿಟ್ಟರು. ಹೊರಗೆ ಆಟೋದವನು ಬೀಡಿ ಸೇದುತ್ತಿದ್ದ.

“ತಮ್ಮಾ, ಅದನ್ನ ಆರ್ಸಪ್ಪ. ನನಗ ದಮ್ಮು ಐತಿ.”

“ಇರ್ಲಿ ಬಿಡಬೇ ಯವ್ವಾ, ಒಬ್ರಿಗರ ಐತಲ್ಲ. ನನ್ನ ಗಾಡಿಗಂತೂ ಇಲ್ಲ,” ಎಂದು ಬೀಡಿ ಎಸೆದು ಅವನು ಗಾಡಿ ಚಾಲೂ ಮಾಡಿದ. ಗಾಡಿ ನಿಜಕ್ಕೂ ಏರಿನಲ್ಲಿ ಏದುಸಿರು ಬಿಟ್ಟಿತು. ಜೈತೂನಬಿ ವಸ್ತ್ರದೊಳಗೇ ನಕ್ಕರು. ಗುರುತಿಲ್ಲದವನ ಮುಂದೆ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ಅವರಿಗೇ ಆಶ್ಚರ್ಯವಾಯಿತು.

ಮನೆಯಲ್ಲಿ ಅಳಿಯ ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಮಹಮೂದಾಬೇಗಂ ಬಾಗಿಲಿಗೇ ಬಂದು ಕೈ ಹಿಡಿದುಕೊಂಡರು. ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು.

“ಬರ್ರಿ ಬೀಗರ. ಹಂಚು ಹೊಚ್ಚೂದು ಮುಗೀತಿಲ್ಲೋ? ತಿಂಗಳಾನಗಟ್ಲೆ ಹೊಚ್ಚಾಕ ಅದೇನು ಅರಮನೀನ?”

ಜೈತೂನಬಿ ನಕ್ಕು ಮೆಣಸಿನಕಾಯಿಯ ಗಂಟನ್ನು ಅವರ ಕೈಗಿಟ್ಟರು. ಒಳಕೋಣೆಯಲ್ಲಿ ಶಾಹೀನ್ ತೊಡೆಯ ಮೇಲೆ ಕೂಸು ಮಲಗಿತ್ತು. ಅವರು ಕೈ ಮುಂದೆ ಮಾಡುವಷ್ಟರಲ್ಲಿ ಮಹಮೂದಾಬೇಗಂ ತಡೆದರು.

“ತಡೀರಿ. ನಾನಿ ಮೊದಲ್ನೇ ಸಲ ನೋಡಾಕತ್ತಾಳ. ಪ್ರೀತಿಯವರ ನಜರು ಭಾಳ ಜೋರು. ಮೊದ್ಲ ನಜರು ತೆಗೀತೇನಿ, ಆಮ್ಯಾಲ ಎತ್ಕೊಳ್ರಿ. ನೀವು ತಂದ ಮೆಣಸಿನಕಾಯಿಲೇ ತೆಗೀತೇನಿ.”

ಅಗ್ಗಿಷ್ಟಿಕೆಯಲ್ಲಿ ಕೆಂಡ ಸಿದ್ಧವಿತ್ತು. ಕೂಸಿಗೆ ಲೋಬಾನದ ಹೊಗೆ ಹಿಡಿಸಲೆಂದು ಮಾಡಿದ್ದು. ಮಹಮೂದಾಬೇಗಂ ಒಣಮೆಣಸಿನಕಾಯಿಗಳನ್ನು ಕೂಸಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಸುಟ್ಟ ಮೆಣಸಿನಕಾಯಿ ಘಾಟು ಕೊಟ್ಟು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟು ಬಾರದಿದ್ದರೆ ದೃಷ್ಟಿ ದೊಡ್ಡದು ಎಂದು ಲೆಕ್ಕ. ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಕರ್ರಗೆ ಸುಟ್ಟಿತು, ಅಷ್ಟೆ.

“ಘಾಟೇ ಇಲ್ಲ ನೋಡ್ರಿ. ಎಂಥಾ ನಜರು ಆಗೇತಿ ಕೂಸಿಗೆ,” ಎಂದು ಮಹಮೂದಾಬೇಗಂ ಒಂದು ಹಿಡಿ ತುಂಬಿ ಹಾಕಿದರು.

ಉಳಿದವರಿಗೆ ಗಂಟಲು ಕೆರೆಯುವಷ್ಟು ಹೊಗೆ. ಜೈತೂನಬಿಗೆ ಎದೆಯ ಸುತ್ತ ಹಗ್ಗ ಬಿಗಿದಂತಾಯಿತು. ಕೆಮ್ಮನ್ನು ನುಂಗಿದರು. ಇನ್ನೊಂದನ್ನೂ ನುಂಗಿದರು. ಪಂಪು ಸಂಚಿಯಲ್ಲೇ ಇತ್ತು, ಆದರೆ ತೆಗೆದರೆ ಗುಟ್ಟು ಹೊರಬೀಳುತ್ತದೆ. ಶಾಹೀನ್ ತಾಯಿಯ ತುಟಿಯ ಬಣ್ಣ ನೋಡುತ್ತಿದ್ದಳು. ಬಾಯಿ ತೆರೆದಳು, ಜೈತೂನಬಿ ಬೇಡವೆಂದು ತಲೆಯಾಡಿಸಿದರು.

ಆಗ ಕೂಸು ಕೆಮ್ಮಿತು. ಸಣ್ಣದು, ಬೆಕ್ಕಿನ ಮರಿ ಸೀನಿದಂತೆ.

“ಬಂತು ಬಂತು, ನಜರು ಇಳೀತು,” ಎಂದರು ಮಹಮೂದಾಬೇಗಂ, ಸಂತೋಷದಿಂದ.

“ಹೊರಗ,” ಎಂದರು ಜೈತೂನಬಿ. ದನಿ ಬರಲಿಲ್ಲ. ಕೂಸಿನ ಕಡೆ ಬೆರಳು ಮಾಡಿ ಇನ್ನೊಮ್ಮೆ ಹೇಳಿದರು. “ಕೂಸಿನ್ನ... ಹೊರಗ ಒಯ್ಯಿ.”

ಗೋಡೆ ಹಿಡಿದು ತಾವೂ ಹೊರಗಿನ ಕಟ್ಟೆಗೆ ಬಂದು, ಮುಂದಕ್ಕೆ ಬಾಗಿ ಮೊಣಕಾಲಿಗೆ ಕೈಯೂರಿ ಕುಳಿತರು. ಸಂಚಿ ಬಿಚ್ಚಿದರು. ಅಡಿಕೆ ಚೆಲ್ಲಾಪಿಲ್ಲಿಯಾಯಿತು. ಶಾಹೀನ್ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಚೀಲದಿಂದ ಆ ಡಬ್ಬಿ ಹುಡುಕಿ ತಂದು ಪಂಪಿಗೆ ಸಿಕ್ಕಿಸಿದಳು. ಜೈತೂನಬಿ ಒಮ್ಮೆ ಒತ್ತಿ ನಿಧಾನ ಎಳೆದು ಉಸಿರು ಹಿಡಿದರು. ತುಸು ತಡೆದು ಮತ್ತೊಮ್ಮೆ.

“ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ಹೋಗೂಣು,” ಎಂದಳು ಶಾಹೀನ್. ಜೈತೂನಬಿ ಆಗಲೆಂದು ತಲೆಯಾಡಿಸಿದರು. ಎದೆಯ ಹಗ್ಗ ಎಳೆ ಎಳೆಯಾಗಿ ಸಡಿಲಾಯಿತು.

ಮಹಮೂದಾಬೇಗಂ ಕೂಸನ್ನು ಎದೆಗವಚಿಕೊಂಡು ನಿಂತೇ ಇದ್ದರು.

“ದಮ್ಮಿನ ಪಂಪು ಅಲ್ಲೇನ್ರಿ ಅದು?”

“ಹೌದ್ರಿ.”

“ಲಗ್ನದಾಗೂ ಇತ್ತೇನು?”

“ಇತ್ರಿ. ಹೇಳಿದ್ರ ನನ್ನ ಮಗಳ್ನ ಮಾಡ್ಕೋತಿದ್ರೇನು?”

ಮಹಮೂದಾಬೇಗಂ ಯೋಚಿಸಿದರು. “ಇಲ್ಲ. ಮಾಡ್ಕೋತಿದ್ದಿಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ಕೂಸಿಗೆ ಹತ್ತತೈತೇನ್ರಿ?” ಎಂದು ಕೇಳಿದರು.

“ಮುಟ್ಟಿದ್ರ ಹತ್ತೂದಿಲ್ರಿ. ಧೂಳು, ಒಲಿ ಹೊಗಿ ಕುಡದು ಬಂದದ್ದು ಅಂತ ಡಾಕ್ಟರ್ ಹೇಳ್ಯಾರ. ಅದಕ್ಕ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಆ ಕೋಣ್ಯಾಗಿನ ಹೊಗಿ ಕೂಸಿನ ಎದಿಗೂ ಛಲೋ ಅಲ್ಲ. ಲೋಬಾನದ್ದೂ ಅಷ್ಟ.”

“ನನ್ನ ಮಕ್ಕಳೆಲ್ಲ ಲೋಬಾನದಾಗ ಬೆಳದಾವ. ಏನೂ ಆಗಿಲ್ಲ.”

“ನಾನೂ ಮೆಣಸಿನಕಾಯಾಗ ಏನೂ ಆಗೂದಿಲ್ಲಂತ ಕುಂತಿದ್ದೆ.”

ಮಹಮೂದಾಬೇಗಂ ಅವರ ಮುಖ ಬಿಗಿಯಾಯಿತು. ಕೂಸನ್ನು ಸೊಸೆಗೆ ಕೊಟ್ಟು ಒಳಗೆ ಹೋದರು. ಪಾತ್ರೆ ಕುಕ್ಕಿದ ಸದ್ದು ಬಂತು. ಶಾಹೀನ್ ತಾಯಿಯ ಮುಖ ನೋಡಿದಳು, ತಾಯಿ ನೆಲ ನೋಡಿದರು. ಸ್ವಲ್ಪ ಹೊತ್ತಿಗೆ ಮಹಮೂದಾಬೇಗಂ ಅಗ್ಗಿಷ್ಟಿಕೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ಕೆಂಡಕ್ಕೆ ನೀರು ಸುರಿದರು. ಒಳಕೋಣೆಯ ಕಿಟಕಿಗಳನ್ನು ದಡದಡ ತೆರೆದು ಹೊರಬಂದರು.

“ಲೋಬಾನ ನಾ ಪೂರಾ ಬಿಡೂದಿಲ್ಲ, ಈಗ ಹೇಳೇನಿ. ಹಿತ್ತಲದಾಗ ಹಾಕ್ತೇನಿ, ಕೂಸು ಒಳಗಿರ್ಲಿ.”

“ಆಗ್ಲಿ ಬಿಡ್ರಿ.”

“ಮತ್ತ ಆ ಹಂಚಿಂದೂ ಸುಳ್ಳು.”

“ಸುಳ್ಳ್ರಿ.”

“ಗೊತ್ತಿತ್ತು. ನಿಮ್ಮದು ಆರ್‌ಸಿಸಿ ಮನಿ ಅಂತ ಇವಳು ಒಂದ ಸಲ ಬಾಯಿ ಬಿಟ್ಟಿದ್ಲು.”

ಶಾಹೀನ್ ನಾಲಿಗೆ ಕಚ್ಚಿಕೊಂಡಳು. ಮಹಮೂದಾಬೇಗಂ ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡರು. ಒಂದು ಗಳಿಗೆ ತಾವೇ ಹಿಡಿದುಕೊಂಡಿದ್ದು, ಆಮೇಲೆ ಬಾಗಿ ಜೈತೂನಬಿಯ ಮಡಿಲಿಗೆ ಇಟ್ಟರು.

“ಕೆಮ್ಮು ಬಂದ್ರ ಹೇಳ್ರಿ, ಇಸ್ಕೋತೇನಿ.”

ಜೈತೂನಬಿ ಕೂಸಿನ ಎದೆಯ ಮೇಲೆ ಅಂಗೈ ಇಟ್ಟರು. ಅದು ಬೇಗ ಬೇಗ ಏರಿಳಿಯುತ್ತಿತ್ತು. ಅವರ ಮುಖ ಬಾಡಿತು.

“ಇಷ್ಟು ಜೋರ್ ಉಸಿರಾಡಾಕತ್ತೈತಲ್ರಿ?”

“ಎರಡು ಹಡದೀರಿ, ಮರ್ತೀರೇನು?” ಎಂದು ಮಹಮೂದಾಬೇಗಂ ಪಕ್ಕದಲ್ಲೇ ಕುಳಿತು, ಚೆಲ್ಲಿದ ಅಡಿಕೆ ಆರಿಸತೊಡಗಿದರು. “ಕೂಸುಗೋಳು ಹಂಗ ಉಸಿರಾಡ್ತಾವ್ರಿ.”